ನೀರಿಗೊಂದು ಬೇಲಿ

(ಅಂತಿಮ ಬಿ. ಎ. ವಿದ್ಯಾರ್ಥಿನಿ)

ಹೊಲಕ್ಕೆ ಬೇಲಿ ಹಾಕುವುದು ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ಹಿತ್ತಲಿಗೆ ಬೇಲಿ, ತೋಟಕ್ಕೆ ಬೇಲಿ, ಹುಲ್ಲಿನ ಬಣವೆಗೂ ಬೇಲಿ. ಬೆಳೆಗೆ ದನ ಬೀಳದಿರಲೆಂದು ನಾವು ವಹಿಸುವ ಎಚ್ಚರಿಕೆ ಅಷ್ಟಿಷ್ಟಲ್ಲ. ಆದರೆ ನೀರಿಗೂ ಬೇಲಿ ಬೇಕು ಎಂದರೆ ನಗುವವರೇ ಹೆಚ್ಚು. "ನೀರನ್ನೇನು ಕಳ್ಳರು ಹೊತ್ತುಕೊಂಡು ಹೋಗುತ್ತಾರೆಯೆ?" ಎಂದು ಹಾಸ್ಟೆಲಿನ ಗೆಳತಿಯೊಬ್ಬಳು ನನ್ನನ್ನು ಕೇಳಿದಳು. ಅವಳಿಗೆ ಆಗ ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಈ ಲೇಖನವೇ ಆ ಉತ್ತರವೆಂದು ಅವಳೂ ವಾಚಕರೂ ತಿಳಿಯಬೇಕಾಗಿ ಪ್ರಾರ್ಥನೆ.

ನಾನು ಹೇಳಹೊರಟಿರುವುದು ಮನೆಯಂಗಳದ ಈಜುಕೊಳಗಳ ಸುತ್ತ ಇರಬೇಕಾದ ಬೇಲಿಯ ವಿಚಾರ. ಸರ್ಕಾರಿ ಕಾಲೇಜಿನಲ್ಲಿ ಓದುವ ಹುಡುಗಿಗೂ ಈಜುಕೊಳಕ್ಕೂ ಎತ್ತಣಿಂದೆತ್ತಣ ಸಂಬಂಧ ಎನ್ನಬಹುದು. ಸಂಬಂಧವಿದೆ. ನನ್ನ ತಂದೆ ನಂದಿಬೆಟ್ಟದ ತಪ್ಪಲಿನ ಒಂದು ತೋಟದ ಮನೆಯಲ್ಲಿ ಕಾವಲು ಮತ್ತು ಗಿಡಗಳ ಆರೈಕೆ ನೋಡಿಕೊಳ್ಳುತ್ತಾರೆ. ಯಜಮಾನರು ಬೆಂಗಳೂರಿನವರು, ಶನಿವಾರ, ಭಾನುವಾರ ಬಂದು ಹೋಗುತ್ತಾರೆ. ಉಳಿದ ಐದು ದಿನವೂ ಆ ಕಾಂಪೌಂಡಿನೊಳಗೆ ಇರುವವರು ನಾವೇ. ನಮಗಿರುವ ಒಂದು ಕೋಣೆಯ ಮನೆಯಿಂದ ಆ ನೀಲಿ ಕೊಳಕ್ಕೆ ಇಪ್ಪತ್ತು ಹೆಜ್ಜೆ.

ನಾನು ಮೊದಲ ಪಿ.ಯು.ಸಿ.ಯಲ್ಲಿದ್ದಾಗ ನನ್ನ ಕೊನೆಯ ತಂಗಿಗೆ ಎರಡೂವರೆ ವರ್ಷ. ಒಂದು ಸಂಜೆ ಅಮ್ಮ ಒಲೆಯ ಮುಂದಿದ್ದರು, ನಾನು ಬಾಗಿಲ ಮೆಟ್ಟಿಲ ಮೇಲೆ ನೋಟ್ಸು ಬರೆಯುತ್ತಿದ್ದೆ, ತಂಗಿ ನನ್ನ ಪಕ್ಕದಲ್ಲೇ ಪ್ಲಾಸ್ಟಿಕ್ಕಿನ ಚೊಂಬು ಉರುಳಿಸುತ್ತಿದ್ದಳು. ಒಂದು ಪುಟ ಬರೆದು ತಲೆಯೆತ್ತಿದೆ, ತಂಗಿ ಇರಲಿಲ್ಲ. ಅಮ್ಮನ ಹತ್ತಿರ ಹೋಗಿರಬೇಕೆಂದು ಮತ್ತೆ ಬರೆಯತೊಡಗಿದೆ. ಮೋಟಾರು ನಿಲ್ಲಿಸಲು ಹೋಗಿದ್ದ ಅಪ್ಪ ಹಿಂದಿರುಗುವಾಗ ನೀರಿನ ಮೇಲೆ ಕೆಂಪು ಬಟ್ಟೆ ಕಂಡು ಹಾರಿದರು. ದೇವರು ದೊಡ್ಡವನು, ಮಗು ಕೆಮ್ಮಿತು, ವಾಂತಿ ಮಾಡಿತು, ಅತ್ತಿತು. ಎರಡು ದಿನ ತಾಲ್ಲೂಕು ಆಸ್ಪತ್ರೆಯಲ್ಲಿಟ್ಟು ಕಳುಹಿಸಿಕೊಟ್ಟರು. ಇಂದು ಅವಳು ಒಂದನೆಯ ತರಗತಿ.

ಆದರೆ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಾನು ಇಪ್ಪತ್ತು ಹೆಜ್ಜೆಯ ದೂರದಲ್ಲಿದ್ದೆ. ನನಗೆ ಏನೂ ಕೇಳಿಸಲಿಲ್ಲ. ಕಿರುಚಾಟವಿಲ್ಲ, ನೀರು ಬಡಿಯುವ ಸದ್ದಿಲ್ಲ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂಬುದು ಸಿನಿಮಾ ನೋಡಿ ನಾವು ಕಲಿತದ್ದು. ಚಿಕ್ಕ ಮಗು ಬಾಯಿ ನೀರಿನೊಳಗಿರುವಾಗ ಕೂಗುವುದಾದರೂ ಹೇಗೆ? ಅದರ ತಲೆ ದೇಹಕ್ಕೆ ಹೋಲಿಸಿದರೆ ಭಾರ. ಬಗ್ಗಿದರೆ ಮುಗ್ಗರಿಸುತ್ತದೆ, ಮುಗ್ಗರಿಸಿದರೆ ತಾನಾಗಿ ಏಳಲಾರದು. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಒಂದು ಪುಟ ನೋಟ್ಸು ಬರೆಯಲೂ ಅಷ್ಟೇ ಹೊತ್ತು ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಾವುಗಳು ನಮ್ಮಂಥ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಆಗುತ್ತವೆ.

ಘಟನೆ ನಡೆದ ವಾರ ಯಜಮಾನರು ಬಂದಾಗ ಅಮ್ಮ ಧೈರ್ಯಮಾಡಿ ಕೊಳಕ್ಕೆ ಬೇಲಿ ಹಾಕಿಸಿಕೊಡಿ ಎಂದು ಕೇಳಿಕೊಂಡರು. ಅವರು ಕೆಟ್ಟವರಲ್ಲ, ಆಸ್ಪತ್ರೆಯ ಖರ್ಚನ್ನು ಅವರೇ ಕೊಟ್ಟಿದ್ದರು. "ಸುತ್ತ ಎಂಟಡಿ ಕಾಂಪೌಂಡ್ ಇದೆಯಲ್ಲಮ್ಮ, ಗೇಟಿಗೆ ಬೀಗ ಇದೆ, ನಾಯಿ ಇದೆ. ಇನ್ನೇನು ಬೇಕು?" ಎಂದರು. ಅಮ್ಮ ತಲೆ ತಗ್ಗಿಸಿಕೊಂಡೇ ಹೇಳಿದರು: "ಕಳ್ಳ ಹೊರಗಿಂದ ಬರ್ತಾನೆ ಸ್ವಾಮಿ. ಮಗು ಒಳಗೇ ಇರ್ತದಲ್ಲ."

ನನ್ನ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಅವರಾಡಿದ ಮಾತು ಈ ವಿಷಯದ ತಿರುಳು ಎಂಬುದು ಆಮೇಲೆ ನನಗೆ ತಿಳಿದುಬಂತು. ಆಸ್ಟ್ರೇಲಿಯ ದೇಶದಲ್ಲಿ ಮನೆಮನೆಗೂ ಈಜುಕೊಳವೆನ್ನುವಷ್ಟು ಕೊಳಗಳಿವೆ; ಅಲ್ಲಿಯ ಮಕ್ಕಳ ಸಾವುಗಳನ್ನು ಅಧ್ಯಯನ ಮಾಡಿದವರೂ ಹಲವರಿದ್ದಾರೆ. 1991ರಲ್ಲಿ ಬ್ರಿಸ್ಬೇನ್ ನಗರದ ಬಗ್ಗೆ ಪಿಟ್ ಮತ್ತು ಬಲಾಂಡ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ಬೇಲಿಯಿಲ್ಲದ ಕೊಳದಲ್ಲಿ ಮಗು ಮುಳುಗುವ ಅಪಾಯ ಬೇಲಿಯಿರುವ ಕೊಳಕ್ಕಿಂತ 3.76 ಪಟ್ಟು ಹೆಚ್ಚು ಎಂದು ಕಂಡುಬಂತು. 1998ರಲ್ಲಿ ಥಾಂಪ್ಸನ್ ಮತ್ತು ರಿವಾರಾ ಎಂಬವರು ಅಂದಿನವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಅವರು ಹೋಲಿಸಿದ್ದು ಎರಡು ಬಗೆಯ ಬೇಲಿಗಳನ್ನು. ಮೊದಲನೆಯದು ಮನೆ, ಅಂಗಳ, ಕೊಳ ಎಲ್ಲವನ್ನೂ ಒಟ್ಟಿಗೆ ಸುತ್ತುವ ಬೇಲಿ. ಅಂದರೆ ನಮ್ಮ ಕಾಂಪೌಂಡು. ಎರಡನೆಯದು ಕೊಳವೊಂದನ್ನೇ ನಾಲ್ಕು ಕಡೆಯಿಂದಲೂ ಸುತ್ತಿ, ಅದನ್ನು ಮನೆಯಿಂದಲೂ ಬೇರ್ಪಡಿಸುವ ಬೇಲಿ. ಎರಡನೆಯ ಬಗೆಯಲ್ಲಿ ಅಪಾಯವು ಮೊದಲನೆಯದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ ಎಂದು ತಿಳಿಯಿತು. ಕಾಂಪೌಂಡು ಹೊರಗಿನವರನ್ನು ತಡೆಯುತ್ತದೆ. ಆದರೆ ಕೊಳಕ್ಕೆ ಬೀಳುವ ಮಗು ಹೆಚ್ಚಾಗಿ ಆ ಮನೆಯದೇ, ಇಲ್ಲವೆ ಅಲ್ಲಿಗೆ ಬಂದ ನೆಂಟರದು, ಇಲ್ಲವೆ ಅಲ್ಲಿ ದುಡಿಯುವವರದು.

ಯಜಮಾನರು ಯೋಚಿಸಿ ಒಪ್ಪಿದರು. ಹದಿನೈದು ದಿನಗಳಲ್ಲಿ ಬೇಲಿ ಎದ್ದಿತು. ಮೂರು ಸಾಲು ಅಡ್ಡ ಪೈಪುಗಳು, ಅವುಗಳಿಗೆ ಬೆಳ್ಳಿಯಂತೆ ಹೊಳೆಯುವ ಬಣ್ಣ. ನೋಡಲು ಬಹಳ ಚೆಂದ. ಬೇಲಿ ಮುಗಿದ ನಾಲ್ಕನೆಯ ದಿನ ನನ್ನ ತಂಗಿ ಮೊದಲ ಪೈಪಿನ ಮೇಲೊಂದು ಕಾಲು, ಎರಡನೆಯದರ ಮೇಲೊಂದು ಕಾಲು ಇಟ್ಟು, ಮೂರನೆಯದರ ಮೇಲೆ ಹೊಟ್ಟೆ ಊರಿ ಕೊಳದ ಕಡೆ ಬಗ್ಗಿದ್ದಳು. ಈ ಸಲ ನೋಡಿದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ಅದುವರೆಗೆ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೆ. ಅಂದು ಕಣ್ಣಾರೆ ಕಂಡೆ. ನಾವು ಕಟ್ಟಿಸಿದ್ದು ಬೇಲಿಯಲ್ಲ, ಏಣಿ.

ಹಾಗಾದರೆ ಸರಿಯಾದ ಬೇಲಿ ಯಾವುದು? ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ ಆದ್ದರಿಂದ ಅದನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನ ವಾಚನಾಲಯದ ಕಂಪ್ಯೂಟರಿನಲ್ಲಿ ಆಸ್ಟ್ರೇಲಿಯದ ನಿಯಮಗಳನ್ನು ತೆರೆದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಅಲ್ಲಿಯ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈಜುಕೊಳಗಳಿಗೆಂದೇ 1992ರ ಒಂದು ಕಾಯಿದೆಯಿದೆ. ಬೇಲಿ ಹೇಗಿರಬೇಕೆಂಬ ಅಳತೆಗಳನ್ನು ಆ ದೇಶದ 1926ನೆಯ ಸಂಖ್ಯೆಯ ಮಾನಕ ಹೇಳುತ್ತದೆ. ನಾನು ಅರಿತುಕೊಂಡ ಮುಖ್ಯಾಂಶಗಳನ್ನು ಕಾರಣಸಹಿತವಾಗಿ ಇಲ್ಲಿ ಕೊಡುತ್ತೇನೆ.

ಮೊದಲನೆಯದಾಗಿ, ಈಜುಕೊಳ ಎಂದರೆ ಯಾವುದು? 300 ಮಿಲಿಮೀಟರಿಗಿಂತ, ಅಂದರೆ ಒಂದಡಿಗಿಂತ, ಆಳವಾಗಿ ನೀರು ತುಂಬಬಹುದಾದ ಕೊಳವೆಲ್ಲ ಆ ಕಾಯಿದೆಗೆ ಒಳಪಡುತ್ತದೆ. ಗಾಳಿ ತುಂಬಿ ಅಂಗಳದಲ್ಲಿಡುವ ರಬ್ಬರಿನ ಕೊಳವಾದರೂ ಸರಿಯೆ. ಒಂದಡಿ ನೀರು ನಮ್ಮ ಮೊಳಕಾಲಿಗೂ ಬರುವುದಿಲ್ಲ ಎಂದು ನಾವು ಹೇಳಬಹುದು; ಬಿದ್ದ ಮಗುವಿನ ಮೂಗು ಮುಚ್ಚಲು ಅದು ಧಾರಾಳ.

ಎರಡನೆಯದು ಎತ್ತರ. ಬೇಲಿ ಕನಿಷ್ಠ 1200 ಮಿಲಿಮೀಟರು, ಅಂದರೆ ಸುಮಾರು ನಾಲ್ಕು ಅಡಿ ಇರಬೇಕು. ಅಕ್ಕಪಕ್ಕದ ಮನೆಗಳ ನಡುವಿನ ಗೋಡೆಯನ್ನೇ ಒಂದು ಬದಿಯ ಬೇಲಿಯಾಗಿ ಬಳಸಿಕೊಂಡರೆ ಅದು 1800 ಮಿಲಿಮೀಟರು ಇರಬೇಕು.

ಮೂರನೆಯದು ಸಂದು. ನಿಂತ ಸಲಾಕೆಗಳ ನಡುವಿನ ಸಂದಾಗಲಿ, ಬೇಲಿಯ ಕೆಳಗಿನ ಸಂದಾಗಲಿ 100 ಮಿಲಿಮೀಟರನ್ನು ಮೀರಕೂಡದು. ಇದು ಅರ್ಧ ಗೇಣಿಗಿಂತ ಕಡಿಮೆ. ನಡೆಯಲು ಕಲಿತ ಮಗುವಿನ ಮೈ ಇಷ್ಟರಲ್ಲಿ ನುಸುಳಲಾರದು. ಬೇಲಿಯ ಕೆಳಗಿನ ಮಣ್ಣು ಮಳೆಗೆ ಕೊಚ್ಚಿಹೋದರೆ ಸಂದು ದೊಡ್ಡದಾಗುತ್ತದೆ ಎಂಬುದನ್ನು ನಾವು ಮರೆಯಬಾರದು.

ನಾಲ್ಕನೆಯದು ಹತ್ತಲಾಗದ ಭಾಗ. ನಮ್ಮ ಮೊದಲ ಬೇಲಿ ಸೋತದ್ದು ಇಲ್ಲಿಯೆ. ಬೇಲಿಯ ಹೊರಮೈಯಲ್ಲಿ ಕಾಲಿಡಲು ಆಸರೆಯಾಗುವ ಯಾವ ವಸ್ತುವೂ ಇಲ್ಲದ 900 ಮಿಲಿಮೀಟರಿನ ವಲಯ ಇರಲೇಬೇಕು. ಅಡ್ಡಪಟ್ಟಿಗಳು ಹೊರಗಡೆ ಇದ್ದರೆ ಒಂದಕ್ಕೂ ಮತ್ತೊಂದಕ್ಕೂ 900 ಮಿಲಿಮೀಟರಿನ ಅಂತರವಿರಬೇಕು. ಬೇಲಿಯೊಂದೇ ಅಲ್ಲ, ಅದರ ಪಕ್ಕದಲ್ಲಿಟ್ಟ ಕುರ್ಚಿ, ಹೂಕುಂಡ, ನೀರೆತ್ತುವ ಪಂಪು, ಬಾಗಿದ ಮರದ ಕೊಂಬೆ ಇವೆಲ್ಲ ಆ ವಲಯದಿಂದಾಚೆಗಿರಬೇಕು. ಮಗುವಿಗೆ ಹೂಕುಂಡವೂ ಮೆಟ್ಟಿಲೇ.

ಐದನೆಯದು ಜಾಲರಿ. ನಮ್ಮಲ್ಲಿ ಅಗ್ಗವೆಂದು ಎಲ್ಲರೂ ಹಾಕಿಸುವುದು ತಂತಿಯ ಜಾಲರಿ. ಅದರ ಕಣ್ಣುಗಳು ಮಗುವಿನ ಕಾಲ್ಬೆರಳಿಗೆ ಹೇಳಿಮಾಡಿಸಿದಂತಿರುತ್ತವೆ. ಆದ್ದರಿಂದಲೇ ಅಲ್ಲಿ ಜಾಲರಿಯ ಕಣ್ಣು 13 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ ಬೇಲಿಯ ಎತ್ತರ 1800 ಮಿಲಿಮೀಟರಿಗೆ ಏರುತ್ತದೆ. ಕಣ್ಣು 100 ಮಿಲಿಮೀಟರನ್ನು ಮೀರುವಂತೆಯೇ ಇಲ್ಲ.

ಆರನೆಯದು ಗೇಟು. ಬೇಲಿಗೆಲ್ಲ ಪ್ರಾಣ ಇದೇ ಎಂದರೂ ತಪ್ಪಲ್ಲ. ಗೇಟು ಎಷ್ಟೇ ತೆರೆದಿರಲಿ, ಕೈ ಬಿಟ್ಟೊಡನೆ ತಾನಾಗಿಯೇ ಮುಚ್ಚಿಕೊಳ್ಳಬೇಕು. ಮುಚ್ಚಿದೊಡನೆ ಚಿಲಕ ತಾನಾಗಿಯೇ ಬೀಳಬೇಕು. ಅದು ಕೊಳದ ಕಡೆಗೆ ತೆರೆಯಬಾರದು, ಹೊರಗಡೆಗೆ ತೆರೆಯಬೇಕು. ಇದೇಕೆಂದು ನನಗೆ ಮೊದಲು ಹೊಳೆಯಲಿಲ್ಲ. ಮಗು ಗೇಟಿಗೆ ಒರಗಿ ತಳ್ಳುವುದು ಸಹಜ. ಹೊರಕ್ಕೆ ತೆರೆಯುವ ಗೇಟನ್ನು ತಳ್ಳಿದಷ್ಟೂ ಅದು ಮುಚ್ಚಿಕೊಳ್ಳುತ್ತದೆ. ಚಿಲಕದ ಹಿಡಿ ಹೊರಗಿನಿಂದ ಸಿಗುವಂತಿದ್ದರೆ ನೆಲದಿಂದ 1500 ಮಿಲಿಮೀಟರು, ಅಂದರೆ ಸುಮಾರು ಐದು ಅಡಿ ಎತ್ತರದಲ್ಲಿರಬೇಕು. ದೊಡ್ಡವರಿಗೆ ಎಟುಕುತ್ತದೆ, ಚಿಕ್ಕವರಿಗೆ ಎಟುಕದು.

ಇಷ್ಟು ಓದಿದ ಮೇಲೆ ನನಗೆ ತೋರಿದ್ದು ಇದು. ಈ ನಿಯಮಗಳನ್ನು ಬರೆದವರು ಮನುಷ್ಯನ ಮರೆವನ್ನು ಚೆನ್ನಾಗಿ ಬಲ್ಲವರು. "ಮಕ್ಕಳ ಮೇಲೆ ನಿಗಾ ಇಡಿ" ಎನ್ನುವುದು ಸುಲಭ. ಆದರೆ ಒಲೆಯ ಮೇಲೆ ಹಾಲು ಉಕ್ಕುತ್ತದೆ, ಫೋನು ಬಡಿದುಕೊಳ್ಳುತ್ತದೆ, ಅಕ್ಕನಾದವಳು ನೋಟ್ಸು ಬರೆಯುತ್ತಾಳೆ. ಒಳ್ಳೆಯ ಬೇಲಿ ನಾವು ಮರೆತಾಗಲೂ ಮರೆಯದೆ ನಿಂತಿರುತ್ತದೆ.

ಅಳತೆಗಳಿದ್ದರೆ ಸಾಲದು, ಅವುಗಳನ್ನು ನಡೆಸುವ ಏರ್ಪಾಡೂ ಬೇಕಲ್ಲವೆ? ನ್ಯೂ ಸೌತ್ ವೇಲ್ಸಿನಲ್ಲಿ 2013ರಿಂದ ಪ್ರತಿಯೊಂದು ಮನೆಯ ಕೊಳವನ್ನೂ ಸರ್ಕಾರದ ಪಟ್ಟಿಯಲ್ಲಿ ನೋಂದಾಯಿಸಬೇಕೆಂಬ ನಿಯಮ ಬಂತು. 2016ರ ಏಪ್ರಿಲಿನಿಂದ ಕೊಳವಿರುವ ಮನೆಯನ್ನು ಮಾರುವಾಗ ಇಲ್ಲವೆ ಬಾಡಿಗೆಗೆ ಕೊಡುವಾಗ ಬೇಲಿಯ ತಪಾಸಣೆಯ ಕಾಗದವೂ ಜೊತೆಗಿರಬೇಕಾಯಿತು. ನೀರಿನಿಂದ ತೆಗೆದವರಿಗೆ ಉಸಿರು ಕೊಡುವ ಕ್ರಮವನ್ನು ಚಿತ್ರಸಮೇತ ಬರೆದ ಫಲಕವನ್ನೂ ಕೊಳದ ಬಳಿ ತೂಗುಹಾಕಬೇಕು. ಕ್ವೀನ್ಸ್‌ಲ್ಯಾಂಡ್ ರಾಜ್ಯವು 2010ರ ಡಿಸೆಂಬರಿನಲ್ಲಿ ಹಳೆಯ ಕೊಳ, ಹೊಸ ಕೊಳ ಎಂಬ ಭೇದವಿಲ್ಲದೆ ಎಲ್ಲಕ್ಕೂ ಒಂದೇ ನಿಯಮವನ್ನು ತಂದು, ಹಳಬರಿಗೆ 2015ರ ನವೆಂಬರಿನವರೆಗೆ ಐದು ವರ್ಷದ ಗಡುವು ಕೊಟ್ಟಿತು. ನ್ಯೂಜಿಲೆಂಡಿನಲ್ಲಿ 1987ರಲ್ಲೇ ಬೇಲಿಯ ಕಾಯಿದೆಯಾಗಿತ್ತು. 2017ರಿಂದ ಮೂರು ವರ್ಷಕ್ಕೊಮ್ಮೆ ಮನೆಯ ಕೊಳಗಳ ತಪಾಸಣೆ ನಡೆಯಬೇಕೆಂದಾಗಿದೆ.

ಫ್ರಾನ್ಸ್ ದೇಶ ಬೇರೊಂದು ದಾರಿ ಹಿಡಿಯಿತು. 2003ರ ಜನವರಿಯ ಕಾಯಿದೆಯಂತೆ ಅಲ್ಲಿ ನೆಲದಲ್ಲಿ ತೋಡಿದ ಖಾಸಗಿ ಕೊಳಕ್ಕೆ ನಾಲ್ಕರಲ್ಲಿ ಒಂದು ರಕ್ಷಣೆ ಇರಬೇಕು: ಬೇಲಿ, ಮಗು ಬಿದ್ದರೆ ಕೂಗುವ ಅಲಾರಂ, ನೀರನ್ನು ಮುಚ್ಚುವ ಭದ್ರವಾದ ಹೊದಿಕೆ, ಇಲ್ಲವೆ ಕೊಳದ ಮೇಲೊಂದು ಮಾಡು. ತಪ್ಪಿದವರಿಗೆ 45,000 ಯೂರೋವರೆಗೆ ದಂಡ. ಯಜಮಾನನಿಗೆ ಆಯ್ಕೆಯ ಸ್ವಾತಂತ್ರ್ಯ ಕೊಡುವ ಈ ಕ್ರಮದಲ್ಲಿ ಒಂದು ತೊಡಕಿದೆ ಎಂದು ನನಗನ್ನಿಸುತ್ತದೆ. ಅಲಾರಂ ಕೂಗುವುದು ಮಗು ಬಿದ್ದ ಮೇಲೆ. ಹೊದಿಕೆಯನ್ನು ಈಜಿದ ನಂತರ ಯಾರಾದರೂ ನೆನಪಿಟ್ಟು ಎಳೆಯಬೇಕು. ಬೇಲಿಯಾದರೋ ಬೀಳುವ ಮೊದಲೇ ತಡೆಯುತ್ತದೆ.

ಈ ಅಳತೆಗಳನ್ನೆಲ್ಲ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು, ಚಿತ್ರ ಹಾಕಿ ಯಜಮಾನರ ಮುಂದಿಟ್ಟೆ. ಅವರು ಎರಡು ಸಲ ಓದಿದರು. "ಇದನ್ನು ಮೊದಲೇ ಕೊಟ್ಟಿದ್ದರೆ ಒಂದು ಖರ್ಚು ಉಳಿಯುತ್ತಿತ್ತಲ್ಲಮ್ಮ" ಎಂದು ನಕ್ಕು, ವೆಲ್ಡಿಂಗಿನವರನ್ನು ಮತ್ತೆ ಕರೆಸಿದರು. ಅಡ್ಡ ಪೈಪುಗಳನ್ನು ಕೊಯ್ದು ನಿಂತ ಸಲಾಕೆಗಳನ್ನು ಕೂರಿಸಿದರು. ಗೇಟಿಗೆ ಸ್ಪ್ರಿಂಗ್ ಹಾಕಿದರು. ವೆಲ್ಡಿಂಗಿನ ಅಣ್ಣ ನನ್ನ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು, "ಇನ್ನೂ ಎರಡು ತೋಟದ ಮನೆ ಕೆಲಸ ಇದೆ ತಾಯಿ, ಅಲ್ಲಿಗೂ ಆಗ್ತದೆ" ಎಂದರು. ಕಾಲೇಜಿನಲ್ಲಿ ಬಹುಮಾನ ಪಡೆದ ಪ್ರಬಂಧಕ್ಕೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಶ್ರೀಮಂತರ ಮನೆಯ ಕಥೆಯಾಗಿಬಿಡುತ್ತದೆ. ನಮ್ಮಲ್ಲಿ ಎಷ್ಟು ಜನರ ಮನೆಗೆ ಈಜುಕೊಳವಿದೆ? ಆದರೆ ನೀರಿರುವ ಗುಂಡಿ ಯಾವ ಊರಿನಲ್ಲಿಲ್ಲ? ನಮ್ಮ ಅಜ್ಜಿಯ ಊರಿನ ಸುತ್ತ ಕೃಷಿ ಹೊಂಡಗಳು ಹಲವಿವೆ. ಮಳೆಯನ್ನೇ ನಂಬಿದ ನಮ್ಮ ಬಯಲುಸೀಮೆಗೆ 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆ ಮಾಡಿದ ಉಪಕಾರ ದೊಡ್ಡದು. ಆದರೆ ನೀರು ಇಂಗದಿರಲೆಂದು ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯ ಇಳಿಜಾರು ಬಹಳ ಜಾರುತ್ತದೆ. ಈಜು ಬಲ್ಲ ದೊಡ್ಡವರಿಗೂ ಅದನ್ನು ಹತ್ತಿ ಮೇಲೆ ಬರುವುದು ಕಷ್ಟ. ಮಕ್ಕಳ ಪಾಡು ಹೇಳುವುದೇ ಬೇಡ. ಹೊಂಡದ ಸುತ್ತ ತಂತಿ ಬೇಲಿಗೂ ಆ ಯೋಜನೆಯಲ್ಲಿ ಸಹಾಯಧನ ಸೇರಿದೆ. ಅದನ್ನು ಪಡೆದು ಹಾಕಿಸಬೇಕು. ಜೊತೆಗೆ ಗಂಟು ಹಾಕಿದ ಒಂದು ದಪ್ಪ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಬೇಕು. ಬಿದ್ದವನಿಗೆ ಆ ಹಗ್ಗವೇ ಜೀವ.

ಕೊಳವೆ ಬಾವಿಗಳ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೇ 2010ರಲ್ಲಿ ನಿಯಮಗಳನ್ನು ಹಾಕಿಕೊಟ್ಟಿದೆ. ಕೊರೆಯುವಾಗ ಸುತ್ತ ಮುಳ್ಳುತಂತಿಯ ಬೇಲಿ, ಕೊಳವೆಯ ಸುತ್ತ ಕಾಂಕ್ರೀಟಿನ ಕಟ್ಟೆ, ಬಾಯಿಗೆ ಉಕ್ಕಿನ ಮುಚ್ಚಳ ಇರಬೇಕು. ಬಿಟ್ಟುಹೋದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮುಚ್ಚಿಬಿಡಬೇಕು. ಆದರೂ 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗುವೊಂದು ತೆರೆದ ಕೊಳವೆ ಬಾವಿಗೆ ಬಿತ್ತು. ಸುಮಾರು ಇಪ್ಪತ್ತು ಗಂಟೆಗಳ ಶ್ರಮದಿಂದ ಅದನ್ನು ಜೀವಂತ ಹೊರತೆಗೆದದ್ದು ನಾಡಿಗೆಲ್ಲ ಹಬ್ಬವಾಯಿತು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ನಮ್ಮ ಹಿರಿಯರು ಇದನ್ನು ಅರಿಯದವರೇನಲ್ಲ. ಸೇದುವ ಬಾವಿಗೆ ಸೊಂಟದೆತ್ತರ ಕಟ್ಟೆ ಕಟ್ಟಿದವರು ಅವರೇ. ಕಟ್ಟೆ ಎಂದರೆ ಕೊಡ ಇಳಿಸಲು, ಹರಟೆ ಹೊಡೆಯಲು ಎಂದು ನಾನು ತಿಳಿದಿದ್ದೆ. ಅದೇ ನೀರಿನ ಬೇಲಿಯೆಂದು ಈಗ ಅರ್ಥವಾಗುತ್ತದೆ.

ಕೊನೆಯದಾಗಿ, ಬೇಲಿಯಿದೆಯೆಂದು ಕಣ್ಣು ಮುಚ್ಚುವಂತಿಲ್ಲ. ಮಗು ಕಾಣದಿದ್ದರೆ ಮೊದಲು ನೋಡಬೇಕಾದದ್ದು ನೀರನ್ನು; ಕೋಣೆ, ಅಟ್ಟ, ಪಕ್ಕದ ಮನೆ ಎಲ್ಲ ಆಮೇಲೆ. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿಯುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು, ಹೊಟ್ಟೆ ಅದುಮುವುದು ತಪ್ಪು. ಉಸಿರಿಲ್ಲದಿದ್ದರೆ ತಡಮಾಡದೆ ಬಾಯಿಂದ ಉಸಿರು ಕೊಟ್ಟು, ಎದೆಯನ್ನು ಒತ್ತುತ್ತಾ, 108ಕ್ಕೆ ಕರೆ ಮಾಡಿಸಬೇಕು. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಹೋದ ಜೀವ ಮರಳುತ್ತದೆಂದು ಫೋನುಗಳಲ್ಲಿ ಹರಿದಾಡುವ ಮಾತು ಶುದ್ಧ ಸುಳ್ಳು. ಅದನ್ನು ನಂಬಿ ಕಳೆಯುವ ಒಂದೊಂದು ನಿಮಿಷವೂ ನಷ್ಟ.

ಕಳೆದ ದಸರಾ ರಜೆಯಲ್ಲಿ ಮನೆಗೆ ಹೋಗಿದ್ದಾಗ ಕೊಳದ ಗೇಟು ಹಾರುಹೊಡೆದು ನಿಂತಿತ್ತು. ನೋಡಿದರೆ ಗೇಟಿಗೆ ಒಂದು ಇಟ್ಟಿಗೆ ಅಡ್ಡವಿಟ್ಟಿದೆ. ಇಟ್ಟವರು ಬೇರೆ ಯಾರೂ ಅಲ್ಲ, ನಮ್ಮ ಅಪ್ಪನೇ. ಎರಡು ಕೈಯಲ್ಲೂ ಹೂಕುಂಡ ಹಿಡಿದು ಓಡಾಡುವಾಗ ಸ್ಪ್ರಿಂಗಿನ ಗೇಟು ಮುಚ್ಚಿಕೊಂಡು ತೊಂದರೆ ಕೊಡುತ್ತದಂತೆ. ತಂಗಿಯನ್ನು ನೀರಿನಿಂದೆತ್ತಿದ ಕೈಗಳೇ ಆ ಇಟ್ಟಿಗೆಯನ್ನೂ ಇಟ್ಟಿದ್ದವು. ನಾನು ಏನೂ ಹೇಳದೆ ಇಟ್ಟಿಗೆಯನ್ನು ತೆಗೆದು ದೂರ ಹಾಕಿದೆ. ಅಪ್ಪ ನನ್ನ ಮುಖ ನೋಡಿ, ಕುಂಡಗಳನ್ನು ಕೆಳಗಿಟ್ಟು, ಗೇಟು ತಾನಾಗಿ ಮುಚ್ಚಿ ಚಿಲಕ ಬೀಳುವವರೆಗೆ ನಿಂತು ನೋಡಿದರು. "ಸರಿ ಮಗಳೆ, ಇನ್ನು ಒಂದೊಂದೇ ಕುಂಡ ಒಯ್ತೀನಿ" ಎಂದರು.